ಅರ್ಧ ಸ್ವೆಲ್ಟ್, ಪೂರ್ತಿ ಜೆಕ್ವೆರಿ

ನಮ್ಮೂರಲ್ಲಿ ಯಾರಾದರೂ ಹೊಸದಾಗಿ ಚಿರೋಟಿ ಮಾಡುವುದನ್ನು ಕಲಿತರೆ ಅದು ಮೊದಲು ಗೊತ್ತಾಗುವುದು ಪದ್ಮನಾಭಯ್ಯನವರ ಹೋಟೆಲಿನಲ್ಲಿ. ನಿನ್ನೆ ಹದಿನಾರು ಪದರವಿದ್ದ ಚಿರೋಟಿ ಇವತ್ತು ಎಂಟಕ್ಕೆ ಇಳಿದು ತಟ್ಟೆಯಲ್ಲಿ ಹಪ್ಪಳದ ಹಾಗೆ ಮಲಗಿರುತ್ತದೆ. ಗಿರಾಕಿಗಳು ಅವರನ್ನು ಬೈಯುವುದಿಲ್ಲ. "ಯಾರೋ ಕಲಿತರು ಅಂತ ಕಾಣುತ್ತೆ" ಎಂದು ಇದ್ದಷ್ಟು ಪದರ ತಿಂದು ಕೈ ತೊಳೆಯುತ್ತಾರೆ. ಊರಿನ ಇಬ್ಬರು ಹಲ್ಲಿನ ಡಾಕ್ಟರರಲ್ಲಿ ಒಬ್ಬರು ಹಲ್ಲು ಕೀಳುವ ದಿನ ಇನ್ನೊಬ್ಬರು ಕಾಲುವೆಯ ಸೇತುವೆ ದಾಟಿ, ಆಚೆ ಬೆಂಚಿನ ಮೇಲೆ ಕೂತು ಕಬ್ಬು ಸಿಗಿಯುತ್ತಿರುತ್ತಾರೆ. ನಮ್ಮಲ್ಲಿ ಒಂದು ವಿದ್ಯೆ ಎಷ್ಟು ಜನರಿಗೆ ಗೊತ್ತೋ ಅಷ್ಟು ಪಾಲಾಗುತ್ತದೆ. ಊರಲ್ಲಿ ಕಲಿತದ್ದು ಸೇತುವೆ ದಾಟುವುದಿಲ್ಲ. ದಾಟಿದವರ ಪಾಲು ಒಳಗೆ ಉಳಿದವರ ತಲೆಗೆ ಸೇರುತ್ತದೆ. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದವನು ಮೊದಲು ಕೇಳುವ ಮಾತೇ "ಅವರು ದಾಟಿದ್ರಾ ಡಾಕ್ಟ್ರೇ?" ಎಂಬುದು. ಆ ಹೊತ್ತಿನಲ್ಲಿ ಬೆಂಚಿನ ಮೇಲಿರುವ ಡಾಕ್ಟರರನ್ನು ಬಾಯಲ್ಲಿ ಎಷ್ಟು ಹಲ್ಲು ಎಂದು ಕೇಳಿದರೆ, ಪಾಪ, ಅವರು ತಮ್ಮ ಬಾಯೊಳಗೇ ನಾಲಿಗೆ ಆಡಿಸಿ ಎಣಿಸಿಕೊಳ್ಳಬೇಕು.

ಇಂಥ ಊರಲ್ಲಿ ನಾನು, ಚಿದಂಬರ, ಜಾಲತಾಣ ಕಟ್ಟುವ ಕೆಲಸದವನು. ಕಾಲೇಜಿನಲ್ಲಿ ಓದಿದ್ದು ರಸಾಯನಶಾಸ್ತ್ರ. ನೂರಿಪ್ಪತ್ತು ಮಂದಿ ಒಟ್ಟಿಗೆ ಪಾಸಾದ್ದರಿಂದ ನನ್ನ ಪಾಲಿಗೆ ನೀರಿನ ಸೂತ್ರ ಒಂದು ಬಂತು. ಉಳಿದದ್ದೆಲ್ಲ ನೀರಿಗೆ ಹೋಯಿತು. ಆದರೆ ಮಿಮಿಕ್ರಿ ಬಲ್ಲವನು ಊರಿಗೆಲ್ಲ ನಾನೊಬ್ಬನೇ. ಹಾಗಾಗಿ ಅದೊಂದು ನನ್ನಲ್ಲಿ ಗಟ್ಟಿ ಮೊಸರಿನ ಹಾಗೆ ಕೂತಿತ್ತು. ಪುರಸಭೆಯ ಲೋಕಪ್ಪನವರ ಕೆಮ್ಮು, ಪದ್ಮನಾಭಯ್ಯನವರ "ಬಿಸಿ ಇದೆ, ಬಿಸಿ ಇದೆ", ಮೂರನೆಯ ಬೀದಿಯ ಗ್ರಂಥಿಗೆ ಅಂಗಡಿಯ ಗಡಿಯಾರ ಹನ್ನೆರಡು ಹೊಡೆಯುವುದಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ಬರುತ್ತಿತ್ತು. ಇದಕ್ಕೆಲ್ಲ ದಿನಾ ನಗುತ್ತಿದ್ದವಳು ನನ್ನ ಪಕ್ಕದ ಕುರ್ಚಿಯ ಶಾಂಭವಿ.

ಹಳದಿ ಕಟ್ಟಡದ ಎರಡನೆಯ ಮಹಡಿಯಲ್ಲಿ ನಾವಿಬ್ಬರೂ ಹಳೆಯ ಪುಟಗಳ ವಿಭಾಗ. ನಮ್ಮ ವಿದ್ಯೆಯ ಹೆಸರು ಜೆಕ್ವೆರಿ. ಪುಟದ ಮೇಲೆ ಗುಂಡಿ ಒತ್ತಿದಾಗ ಏನಾಗಬೇಕು ಎಂದು ಹೇಳುವ ಹಳೆಯ ವಿದ್ಯೆ ಅದು. ಒಂದು ಕಾಲಕ್ಕೆ ಅದನ್ನು ಬಲ್ಲವರು ಊರಲ್ಲಿ ಇಪ್ಪತ್ತಾರು ಜನರಿದ್ದರು, ಒಬ್ಬೊಬ್ಬರಿಗೂ ಒಂದೊಂದು ಚೂರು. ಹೊಸ ವಿದ್ಯೆಗಳು ಬಂದಹಾಗೆಲ್ಲ ಒಬ್ಬೊಬ್ಬರೇ ಅದರ ಹಿಂದೆ ಹೋದರು. ಬಳಸದೆ ಬಿಟ್ಟವರ ಪಾಲು ಇಳಿದು ಇಳಿದು ಕೊನೆಗೆ ಅರ್ಧ ಅವಳಲ್ಲಿ, ಅರ್ಧ ನನ್ನಲ್ಲಿ ನಿಂತಿತು. ನನಗೆ ತಿಳಿಯದ್ದಕ್ಕೆ ನಾನು ಕುರ್ಚಿ ತಿರುಗಿಸಿ ಅವಳನ್ನು ಕೇಳುತ್ತಿದ್ದೆ. ಅವಳು ಕುರ್ಚಿ ತಿರುಗಿಸದೆಯೇ ನನ್ನನ್ನು ಕೇಳುತ್ತಿದ್ದಳು. ಹೀಗೆ ಏಳು ವರ್ಷ.

ನಮ್ಮ ಮೇಲಧಿಕಾರಿ ಇಂದುಧರ ಸರ್ ಒಂದು ದಿನ ಬಂದು ನಮ್ಮಿಬ್ಬರ ಮೇಜಿನ ನಡುವೆ ನಿಂತರು. ಅವರು ಏನು ಹೇಳಿದರೂ ನಡುನಡುವೆ "ಆಯ್ತಲ್ಲ" ಎಂದು ಗೂಟ ಹೊಡೆಯುತ್ತಾರೆ.

"ಹಳೇ ಪುಟಗಳ ಕೆಲಸ ಈ ತಿಂಗಳಿಗೆ ಕೊನೆ, ಆಯ್ತಲ್ಲ. ಹೊಸ ಕೆಲಸಕ್ಕೆ ಒಬ್ಬರು ಬೇಕು. ನೀವಿರೋದು ಇಬ್ಬರು. ಇನ್ನು ಮೂರು ವಾರಕ್ಕೆ, ಸೋಮವಾರ, ಹತ್ತರಿಂದ ಹನ್ನೆರಡು ಪರೀಕ್ಷೆ. ಯಾವ ವಿದ್ಯೆಯಲ್ಲಿ ಬೇಕಾದ್ರೂ ಕಟ್ಟಿ. ಪುಟ ನಿಲ್ಲಬೇಕು. ಆಯ್ತಲ್ಲ."

"ಇನ್ನೊಬ್ಬರು ಸರ್?" ಎಂದಳು ಶಾಂಭವಿ.

"ಇನ್ನೊಬ್ಬರು ಬೇರೆ ಏನಾದ್ರೂ ನೋಡ್ಕೋಬೇಕಮ್ಮ."

ಬೇರೆ ಏನಾದರೂ ಎಂದರೆ ಏನೆಂದು ನಮಗೆ ಗೊತ್ತಿತ್ತು. ನಮ್ಮ ಹಾಗೆಯೇ ಪುಟ ಕಟ್ಟುತ್ತಿದ್ದು ಹೋದ ವರ್ಷ ಕೆಲಸ ಕಳೆದುಕೊಂಡ ಪಿಎಚ್‌ಪಿ ಗುಂಡೂರಾಯರು ಈಗ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಜನರಿಗೆ ಕುರ್ಚಿ ತೋರಿಸುತ್ತಾರೆ. ಆ ವಿದ್ಯೆಯನ್ನೂ ಮೂವರು ಬಲ್ಲವರಿರುವುದರಿಂದ ಕತ್ತಲಲ್ಲಿ ಒಬ್ಬರನ್ನು ಇನ್ನೊಬ್ಬರ ತೊಡೆಯ ಮೇಲೆ ಕೂರಿಸಿ ದಿನಾ ಬೈಸಿಕೊಳ್ಳುತ್ತಾರೆ. ಸೇತುವೆಯಾಚೆ ಹೋಗಿ ಕೆಲಸ ಹುಡುಕೋಣವೆಂದರೆ, ದಾಟಿದ ಮೇಲೆ ನಾನು ಯಾವ ಕೆಲಸಕ್ಕೂ ಬಾರದ ಮೂವತ್ತೈದು ವರ್ಷದ ಗಂಡಸು, ಅಷ್ಟೆ.

ಮರುದಿನವೇ ಪುರಸಭೆಗೆ ಹೋದೆ. ಯಾರು ಏನು ಕಲಿಯುತ್ತಿದ್ದಾರೆಂದು ಬರೆಸಬೇಕಾದ ದೊಡ್ಡ ಪಟ್ಟಿ ಅಲ್ಲಿದೆ. ಅದನ್ನು ಕಾಯುವವರು ಲೋಕಪ್ಪ. ಪುಟ ಕಟ್ಟುವ ಹೊಸ ವಿದ್ಯೆಗಳನ್ನು ಒಂದೊಂದಾಗಿ ಕೇಳಿದೆ.

"ರಿಯಾಕ್ಟ್ ಎಷ್ಟು ಜನ?"

"ನಲವತ್ತೊಂದು. ಕೊನೇಲಿ ಬಂದೋನಿಗೆ ಆ ಹೆಸರು ಬಿಟ್ರೆ ಇನ್ನೇನೂ ಸಿಕ್ಕಿಲ್ಲವಂತೆ."

"ಆಂಗ್ಯುಲರ್?"

"ಹನ್ನೊಂದು. ಎಲ್ಲಾ ಒಂದೇ ಮನೆಯೋರು. ಊಟಕ್ಕೆ ಕೂತಾಗ ಎಲ್ಲ ಸೇರಿದ್ರೆ ಒಬ್ಬ ಮನುಷ್ಯನಿಗೆ ಗೊತ್ತಿರೋ ಅಷ್ಟು ಆಗುತ್ತೆ."

"ವ್ಯೂ?"

"ನಾಲ್ಕು ಅಂತ ಬರೆಸಿದಾರೆ. ನಾಲ್ಕು ಅಂದ್ರೆ ಒಂಬತ್ತು ಅಂತ ತಿಳ್ಕೊಳ್ಳಿ. ನಿಜ ಬರೆಸೋಕೆ ಇಲ್ಲಿಗೆ ಯಾರು ಬರ್ತಾರೆ?"

"ಸ್ವೆಲ್ಟ್?"

ಲೋಕಪ್ಪ ಕೆಮ್ಮಿ, ಬೆರಳು ಒದ್ದೆ ಮಾಡಿಕೊಂಡು ಹಾಳೆ ತಿರುವಿದರು. "ಅದೇನು, ತಿನ್ನೋದಾ?" ಎಂದರು.

ಅಲ್ಲಿಂದ ಮನೆಗೆ ನಡೆಯುವಷ್ಟು ದಾರಿಯೂ ನನ್ನ ತಲೆಯಲ್ಲಿ ತಕ್ಕಡಿ ತೂಗುತ್ತಿತ್ತು. ಊರಾಚೆಯಿಂದ ನಮ್ಮ ಕಚೇರಿಗೆ ಬರುವ ಗಿರಾಕಿಗಳು ಕೇಳುವುದು ರಿಯಾಕ್ಟ್. ಎಲ್ಲರೂ ಕೇಳುವುದನ್ನು ಒಂದು ಚಿಟಿಕೆ ಬಲ್ಲವನಾಗಬೇಕೋ, ಯಾರೂ ಕೇಳದ್ದನ್ನು ಒಂದು ಕೊಡ ಬಲ್ಲವನಾಗಬೇಕೋ? ಎರಡು ವರ್ಷ ಕಳೆದು ಎಲ್ಲರೂ ಸ್ವೆಲ್ಟ್ ಕೇಳತೊಡಗಿದರೆ ನಾನು ರಾಜ. ಆದರೆ ಎಲ್ಲರೂ ಕೇಳತೊಡಗಿದ ದಿನವೇ ಎಲ್ಲರೂ ಕಲಿಯತೊಡಗುತ್ತಾರೆ, ನನ್ನ ಕೊಡ ಅಂದೇ ಸೋರುತ್ತದೆ. ಜೆಕ್ವೆರಿಯಲ್ಲೇ ಪರೀಕ್ಷೆ ಬರೆಯಬಹುದಿತ್ತು. ಆದರೆ ಅದರ ಅರ್ಧ ಶಾಂಭವಿಯಲ್ಲಿತ್ತು, ಅರ್ಧ ವಿದ್ಯೆಯಿಂದ ಪುಟ ನಿಲ್ಲುವುದಿಲ್ಲ. ಇಂದುಧರ ಸರ್ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ಸ್ವೆಲ್ಟ್‌ನಲ್ಲಿ ಬರೆದರೆ ನಡೆಯುತ್ತದೆಯೇ ಎಂದು ಅವರೊಬ್ಬರನ್ನೇ ಕೇಳಿದೆ. "ನಡೆಯುತ್ತಯ್ಯಾ. ಕೂತು ಕಲಿ" ಎಂದರು. ಪುರಸಭೆಯ ಪಟ್ಟಿಯಲ್ಲಿ ನಾನು ಬರೆಸಿದ್ದು 'ತೋಟಗಾರಿಕೆ'.

ಬೆಳಗಿನ ಜಾವ ಎದ್ದು, ತಾರಸಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಲಿತೆ. ಒಣ ಪಾಠವನ್ನು ಪದ್ಮನಾಭಯ್ಯನವರ ಧ್ವನಿಯಲ್ಲಿ ಓದಿಕೊಂಡರೆ ಬಿಸಿಬಿಸಿಯಾಗಿ ಒಳಗೆ ಇಳಿಯುತ್ತಿತ್ತು. ಯಾರ ಜೊತೆಗೂ ಹಂಚಿಕೊಳ್ಳದ ವಿದ್ಯೆಯನ್ನು ಕಲಿಯುವ ಸುಖವೇ ಬೇರೆ. ಒಂದು ಸಾಲು ಓದಿದರೆ ಮುಂದಿನ ಎರಡು ಸಾಲು ತಾವಾಗಿಯೇ ಬಂದು ನಿಲ್ಲುತ್ತಿದ್ದವು. ಹನ್ನೆರಡು ದಿನಕ್ಕೆ ಪೂರ್ತಿ ಕೈಗೆ ಬಂತು.

ಪರೀಕ್ಷೆಗೆ ಇನ್ನು ನಾಲ್ಕು ದಿನ ಇತ್ತು. ಗುರುವಾರ, ಹನ್ನೊಂದು ಗಂಟೆ. ಕಚೇರಿಯಲ್ಲಿ ಯಾರೂ ನೋಡದ ಹಾಗೆ ಒಂದು ಸಣ್ಣ ಪುಟ ಕಟ್ಟುತ್ತಿದ್ದೆ. ಗುಂಡಿ ಇಟ್ಟೆ, ಅದಕ್ಕೆ ಬಣ್ಣ ಕೊಟ್ಟೆ. ಒತ್ತಿದರೆ ಏನಾಗಬೇಕೆಂದು ಬರೆಯಲು ಬೆರಳೆತ್ತಿದೆ. ಬೆರಳು ಅಲ್ಲೇ ನಿಂತಿತು. ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲಿಲ್ಲದ ಹಾಗೆ. ಮೊದಲಿನಿಂದ ಒಂದೊಂದೇ ನೆನಪಿಸಿಕೊಂಡೆ. ಒಂದು ಇದೆ, ಒಂದಿಲ್ಲ. ಒಂದು ಇದೆ, ಒಂದಿಲ್ಲ. ಸರಿಯಾಗಿ ಅರ್ಧ ಹೋಗಿತ್ತು. ಅರ್ಧ ಎಂದರೆ ಇನ್ನೊಬ್ಬರು ಕಲಿತಿದ್ದಾರೆ. ಒಬ್ಬರೇ.

ತಲೆಯೆತ್ತಿ ನೋಡಿದೆ. ಇಂದುಧರ ಸರ್ ಕೋಣೆಯ ಬಾಗಿಲು ಹಾಕಿತ್ತು. ಶಾಂಭವಿಯ ಕುರ್ಚಿ ಖಾಲಿ. ಅವಳು ಅಂದು ರಜೆ ಹಾಕಿದ್ದಳು.

ಮರುದಿನ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಕೇಳಿದೆ, ಧ್ವನಿಯನ್ನು ಆದಷ್ಟು ಸಡಿಲ ಬಿಟ್ಟು: "ನಿನ್ನೆ ಎಲ್ಲಿಗೆ ಹೋಗಿದ್ದೆ?"

"ಟೈಲರ್ ಹತ್ತಿರ ಕೂತಿದ್ದೆ ಕಣೋ ದಿನ ಪೂರ್ತಿ. ಬ್ಲೌಸಿಗೆ ಒಂದು ತೋಳು ಹೊಲಿದಿದಾಳೆ, ಇನ್ನೊಂದು ಹೊಲಿಯೋದು ಹೇಗೆ ಅಂತ ಮರೆತೇ ಹೋಯ್ತಂತೆ. ಅವಳ ನಾದಿನಿ ಹೊಲಿಗೆ ಕಲಿತ್ಲು ಅಂತ ಕಾಣುತ್ತೆ. ಕೊನೆಗೆ ಇಬ್ಬರನ್ನೂ ಒಂದೇ ಮಿಷನ್ನಿಗೆ ಕೂರಿಸಿ ಹೊಲಿಸಿಕೊಂಡು ಬಂದೆ."

"ಸೋಮವಾರಕ್ಕೆ ಏನು ಕಲೀತಿದೀಯ?"

"ಏನೂ ಇಲ್ಲ."

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ. ಕಡಲೆಬೀಜ ಹಾಕಿದೀನಿ ಮೊಸರನ್ನಕ್ಕೆ, ಬೇಕಾ?"

ನಮ್ಮೂರಲ್ಲಿ 'ಏನೂ ಕಲೀತಿಲ್ಲ' ಎನ್ನುವುದಕ್ಕಿಂತ ಹಳೆಯ ಸುಳ್ಳು ಇನ್ನೊಂದಿಲ್ಲ. ನಾನೂ ಎಲ್ಲರಿಗೂ ಅದನ್ನೇ ಹೇಳುತ್ತಿದ್ದೆ. ಅವಳು ಕಣ್ಣು ತಪ್ಪಿಸಲಿಲ್ಲ ಎಂಬುದೇ ನನಗೆ ಸಾಕ್ಷಿಯಾಗಿ ಕಂಡಿತು. ಚೆನ್ನಾಗಿ ಸುಳ್ಳು ಹೇಳುವವರು ಕಣ್ಣು ತಪ್ಪಿಸುವುದಿಲ್ಲ. ಸಂಜೆ ಅವಳ ಹಿಂದೆ ಹಾದುಹೋಗುವಾಗ ಅವಳು ಪರದೆಯ ಮೇಲಿದ್ದದ್ದನ್ನು ಫಕ್ಕನೆ ಮುಚ್ಚಿದಳು. ಶನಿವಾರ, ಭಾನುವಾರ ಕೂತು, ಕಳೆದುಹೋದ ಅರ್ಧವನ್ನು ಮತ್ತೆ ಓದಿದೆ. ಓದಿದ ಸಾಲು ಓದಿದ ಹಾಗೆಯೇ ಜಾರಿ ಹೋಗುತ್ತಿತ್ತು. ತುಂಬಿದ ಲೋಟಕ್ಕೆ ನೀರು ಹೊಯ್ದ ಹಾಗೆ.

ಪರೀಕ್ಷೆಯ ದಿನ ತನಗಾಗಿ ಆಚೆ ಹೋಗಿ ಕೂರುವಿರಾ ಎಂದು ಕೇಳುವುದು ನಮ್ಮಲ್ಲಿ ಸಾಮಾನ್ಯ. ಆದರೆ ಅದೇ ಪರೀಕ್ಷೆಗೆ ಕೂರುವವಳನ್ನು ಹಾಗೆ ಕೇಳುವುದು ಹೇಗೆ?

ಕೇಳಲಿಲ್ಲ. ಸೋಮವಾರ ಬೆಳಿಗ್ಗೆ ಎಂಟೂವರೆಗೆ, ಯಾರೂ ಬರುವ ಮುಂಚೆ, ಕಚೇರಿಯ ಮುಂಬಾಗಿಲ ಮೇಜಿನ ಮೇಲಿದ್ದ ಫೋನ್ ಎತ್ತಿದೆ. ಊಟದ ಹೊತ್ತಿನಲ್ಲಿ ನಾನು ಮಾಡುತ್ತಿದ್ದ ಇಂದುಧರ ಸರ್ ಮೂರು ಮಾತಿಗೆ ನಾಲ್ಕು 'ಆಯ್ತಲ್ಲ' ಹೊಡೆಯುವವರು. ಅವರನ್ನು ಶಾಂಭವಿ ಒಂದೇ ಉಸಿರಿಗೆ ಗುರುತು ಹಿಡಿಯುತ್ತಿದ್ದಳು. ಆದ್ದರಿಂದ ನಗಿಸುವ ಒಂದೊಂದನ್ನೂ ತೆಗೆದುಹಾಕಿದೆ. ನಿದ್ದೆ ಸಾಲದ, ಹಿಂದಿನ ದಿನದ ಲೆಕ್ಕವೇ ಇನ್ನೂ ತಲೆಯಲ್ಲಿರುವ, ಮನುಷ್ಯ ಇಂದುಧರರಷ್ಟೇ ಉಳಿದರು. ಅಷ್ಟು ಚೆನ್ನಾಗಿ ನಾನು ಎಂದೂ ಯಾರನ್ನೂ ಮಾಡಿರಲಿಲ್ಲ.

"ಶಾಂಭವಿ, ಒಂದು ಕೆಲಸ ಆಗಬೇಕಿತ್ತಮ್ಮ. ಹೊಸ ಗಿರಾಕಿ ಒಂಬತ್ತೂ ನಲವತ್ತರ ಬಸ್ಸಿಗೆ ಬರ್ತಿದಾರೆ. ಸೇತುವೆ ಆಚೆ, ಇಟ್ಟಿಗೆ ಗೂಡಿನ ಹತ್ತಿರದ ಬಸ್ ಸ್ಟಾಪಿನಲ್ಲಿ ನಿಂತು ಕರ್ಕೊಂಡು ಬನ್ನಿ. ತಡವಾದ್ರೂ ಕಾಯಿರಿ."

"ಪರೀಕ್ಷೆ ಸರ್?"

"ನೀವು ಬಂದ ಮೇಲೇ ಶುರು."

"ಸರಿ ಸರ್. ಅವರ ಹೆಸರೇನು?"

ಹೆಸರು ಯೋಚಿಸಿರಲಿಲ್ಲ. "ಅವರೇ ನಿಮ್ಮನ್ನ ಗುರುತು ಹಿಡೀತಾರೆ" ಎಂದು ಫೋನ್ ಇಟ್ಟೆ. ಬಂದು ಕುರ್ಚಿಯಲ್ಲಿ ಕೂತೆ.

ಅವಳ ಮನೆಯಿಂದ ಸೇತುವೆಗೆ ಇಪ್ಪತ್ತು ನಿಮಿಷ. ಒಂಬತ್ತೂ ಇಪ್ಪತ್ತರಿಂದ ಗಡಿಯಾರವನ್ನೇ ನೋಡುತ್ತಿದ್ದೆ. ಒಂಬತ್ತೂ ಇಪ್ಪತ್ತೇಳಕ್ಕೆ ಬಂತು. ಮುಚ್ಚಿದ್ದ ಕೋಣೆಯ ಬಾಗಿಲು ತೆರೆದು ಬೆಳಕು ಬಿದ್ದ ಹಾಗೆ, ತಲೆಯೊಳಗೆ ಒಂದು ದೊಡ್ಡ ಜಾಗ ತುಂಬಿತು. ತುಂಬಿದ್ದೇನೆಂದು ನೋಡಿದರೆ, ಜೆಕ್ವೆರಿ.

ಜೆಕ್ವೆರಿ ಮಾತ್ರ. ಏಳು ವರ್ಷ ನಾನು ಕುರ್ಚಿ ತಿರುಗಿಸಿ ಕೇಳುತ್ತಿದ್ದ ಅರ್ಧ ಅಷ್ಟೂ ಈಗ ನನ್ನ ಬೆರಳಲ್ಲಿತ್ತು. ಸ್ವೆಲ್ಟ್‌ನ ಗುಂಡಿ ಒತ್ತಿದರೆ ಏನಾಗಬೇಕೆಂದು ಮಾತ್ರ ಇನ್ನೂ ಗೊತ್ತಿರಲಿಲ್ಲ.

ಅವಳು ದಾಟಿದ್ದಳು. ಕಲಿತವಳು ಅವಳಲ್ಲ.

ಫೋನ್ ಮಾಡಿ ಕರೆಯೋಣವೆಂದರೆ ಸೇತುವೆಯಾಚೆ ಫೋನ್ ಸಿಗ್ನಲ್ ಇಲ್ಲ. ಓಡೋಣವೆಂದು ಎದ್ದೆ. ಅಷ್ಟರಲ್ಲಿ ಇಂದುಧರ ಸರ್ ಒಳಗೆ ಬಂದು, ಪ್ರಶ್ನೆಯ ಹಾಳೆಯನ್ನು ಎರಡೂ ಮೇಜಿನ ಮೇಲೆ ಒಂದೊಂದು ಇಟ್ಟರು. ನಾನು ಮತ್ತೆ ಕೂತೆ. ಹಾಗೆ ಕೂರಬಾರದಿತ್ತು. ಕೂತೆ.

"ಶಾಂಭವಿ ಎಲ್ಲಯ್ಯಾ?"

"ಗೊತ್ತಿಲ್ಲ ಸರ್" ಎಂದೆ. ಅದು ನನ್ನದೇ ಧ್ವನಿ. ಆದರೆ ಯಾರೋ ನನ್ನನ್ನು ಕೆಟ್ಟದಾಗಿ ಮಿಮಿಕ್ರಿ ಮಾಡಿದ ಹಾಗೆ ಕೇಳಿಸಿತು.

ಹತ್ತಾಯಿತು. ಹತ್ತೂ ಹತ್ತಾಯಿತು. ಅವರು ಕಿಟಕಿಯಿಂದ ಬೀದಿ ನೋಡಿದರು, ಅವಳಿಗೆ ಫೋನ್ ಹಚ್ಚಿದರು, ತಲೆಯಾಡಿಸಿದರು. "ಶುರು ಮಾಡು. ಒಂದು ಸಲ ಕುರ್ಚಿ ಬಿಟ್ಟು ಹೊರಗೆ ಹೋದ್ರೆ ಮತ್ತೆ ಬಂದು ಕೂರೋ ಹಾಗಿಲ್ಲ, ಆಯ್ತಲ್ಲ" ಎಂದು ಚಪ್ಪಲಿ ಮೆಟ್ಟಿಕೊಂಡರು. ಬಾಗಿಲಲ್ಲಿ ನಿಂತು ತಿರುಗಿದರು. "ಅಂದ ಹಾಗೆ, ಗುರುವಾರ ನಿನಗೆ ತೊಂದರೆ ಆಗಿರಬೇಕು. ತಿದ್ದೋಕೆ ನನಗೂ ಗೊತ್ತಿರಬೇಕಲ್ಲ ಅಂತ ಬಾಗಿಲು ಹಾಕ್ಕೊಂಡು ನಿನ್ನ ಸ್ವೆಲ್ಟ್ ಕಲಿತುಬಿಟ್ಟೆ. ಹೇಳೋಕೆ ಮರೆತೆ. ಈಗ ಹೋಗಿ ಆಚೆ ಬೆಂಚಲ್ಲಿ ಕೂತಿರ್ತೀನಿ, ಹದಿನೈದು ನಿಮಿಷಕ್ಕೆ ನಿನಗೆ ಪೂರ್ತಿ ಬರುತ್ತೆ. ಶಾಂಭವಿಗೆ ಆ ತಾಪತ್ರಯ ಇಲ್ಲ. ಅವಳು ಹೊಸದೇನೂ ಕಲೀಲಿಲ್ಲ, ಹಳೇದರಲ್ಲೇ ಬರೀತೀನಿ ಅಂದಿದ್ಲು. ಇದ್ದ ಅರ್ಧದಲ್ಲೇ ಮೂರು ವಾರದಿಂದ ಕದ್ದುಮುಚ್ಚಿ ಅಭ್ಯಾಸ ಮಾಡ್ತಿದ್ಲು, ಪಾಪ. ಬರಲೇ ಇಲ್ಲ ನೋಡು."

ಅವರ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ನಾನು ಪ್ರಶ್ನೆಯ ಹಾಳೆಯನ್ನು ಹತ್ತಿರ ಎಳೆದುಕೊಂಡೆ.

ಪ್ರಶ್ನೆ ಸರಳವಾಗಿತ್ತು. ಟಾಕೀಸಿನ ಕುರ್ಚಿಗಳನ್ನು ಕಾಯ್ದಿರಿಸುವ ಪುಟ. ಸಾಲುಸಾಲು ಕುರ್ಚಿ, ಒತ್ತಿದರೆ ಬಣ್ಣ ಬದಲಾಗಬೇಕು, ಒಂದೇ ಕುರ್ಚಿ ಇಬ್ಬರಿಗೆ ಹೋಗಬಾರದು. ನಾನು ಕುರ್ಚಿಗಳನ್ನು ಮಾತ್ರ ಇಡುತ್ತ ಕೂತೆ. ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಆಚೆ ಬೆಂಚು ಸೇತುವೆಯ ಬುಡದಲ್ಲೇ ಇದೆ. ಇಂದುಧರ ಸರ್ ಹೋಗುತ್ತಾರೆ, ಅವಳನ್ನು ನೋಡುತ್ತಾರೆ. 'ಇಲ್ಲೇನಮ್ಮ?' 'ನೀವೇ ಫೋನ್ ಮಾಡಿದ್ರಲ್ಲ ಸರ್.' ಅಲ್ಲಿಗೆ ಮುಗಿಯಿತು. ಊರಲ್ಲಿ ಇನ್ನೊಬ್ಬರ ಧ್ವನಿ ಮಾಡಬಲ್ಲವರು ಎಷ್ಟು ಮಂದಿ ಎಂದು ಲೋಕಪ್ಪನವರ ಪಟ್ಟಿ ನೋಡಬೇಕಿಲ್ಲ. ಅಂದರೆ, ನನಗೆ ಸ್ವೆಲ್ಟ್ ಪೂರ್ತಿ ಬರುವ ಗಳಿಗೆಯೇ ನಾನು ಸಿಕ್ಕಿಬೀಳುವ ಗಳಿಗೆ.

ಹತ್ತೂ ಇಪ್ಪತ್ತೆಂಟಕ್ಕೆ ಬಂತು. ಕಳೆದುಹೋಗಿದ್ದ ಮೆಟ್ಟಿಲುಗಳೆಲ್ಲ ಒಂದೊಂದಾಗಿ ಕಾಲಡಿಗೆ ಬಂದು ಕೂತವು. ಕಾದೆ. ಅವಳು ಸತ್ಯ ತಿಳಿದು ಓಡಿಬಂದು ಸೇತುವೆ ದಾಟಿದರೆ ಜೆಕ್ವೆರಿ ಅರ್ಧವಾಗಬೇಕು. ಒಂದು ನಿಮಿಷ. ಐದು ನಿಮಿಷ. ಆಗಲಿಲ್ಲ. ಆಮೇಲೆ ಹೊಳೆಯಿತು. ಇಟ್ಟಿಗೆ ಗೂಡು ಇರುವುದು ತಿರುವಿನ ಹಿಂದೆ. ಬೆಂಚಿನಲ್ಲಿ ಕೂತವರಿಗೆ ಬಸ್ ಸ್ಟಾಪ್ ಕಾಣುವುದಿಲ್ಲ. ಇಂದುಧರ ಸರ್ ಅವಳನ್ನು ನೋಡಿಲ್ಲ. ನೋಡುವುದೂ ಇಲ್ಲ. ಅವಳು ಬಾರದ ಗಿರಾಕಿಗಾಗಿ ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತು, ಬಂದು ಫೋನಿನ ವಿಷಯ ಹೇಳುತ್ತಾಳೆ. 'ನಾನು ಫೋನೇ ಮಾಡಿಲ್ಲವಲ್ಲ' ಎನ್ನುತ್ತಾರೆ ಇವರು. ಪರೀಕ್ಷೆಗೆ ಹೆದರಿ ಕಟ್ಟಿದ ಕಥೆ ಎಂದುಕೊಳ್ಳುತ್ತಾರೆ. ನಮ್ಮೂರಲ್ಲಿ ಅಂಥ ಕಥೆ ಕಟ್ಟದವರು ಯಾರು?

ಬರೆದೆ. ಇಷ್ಟು ಸಲೀಸಾಗಿ ನಾನು ಏನನ್ನೂ ಬರೆದದ್ದಿಲ್ಲ. ಮೊದಲ ಸಾಲಿನ ಕುರ್ಚಿಗಳು ಎದ್ದು ನಿಂತವು. ಒತ್ತಿದರೆ ಹಸಿರು, ಮತ್ತೆ ಒತ್ತಿದರೆ ಬಿಳಿ. ನಡುವೆ ಒಂದು ಸಾಲು ಓರೆಯಾಗಿ ಕೂತಿತು. ಅದನ್ನು ನೇರ ಮಾಡಲು ಒಂದು ಹಳೆಯ ಉಪಾಯ ಬೆರಳಿಗೆ ತಾನಾಗಿ ಬಂತು. ಜೆಕ್ವೆರಿಯ ಕಾಲದ ಉಪಾಯ, ಶಾಂಭವಿಯ ಕಡೆಯ ಅರ್ಧದ್ದು. ಸಾಲು ನೇರವಾಯಿತು. ಖುಷಿಯಿಂದ, ಏಳು ವರ್ಷದ ಚಾಳಿ, "ನೋಡೇ ಇಲ್ಲಿ" ಎಂದು ಕುರ್ಚಿ ತಿರುಗಿಸಿದೆ.

ಪಕ್ಕದ ಮೇಜಿನ ಮೇಲೆ ಪ್ರಶ್ನೆಯ ಹಾಳೆ, ಅದು ಹಾರದ ಹಾಗೆ ಇಂದುಧರ ಸರ್ ಇಟ್ಟುಹೋಗಿದ್ದ ಸ್ಟೇಪ್ಲರ್. ಅವಳನ್ನು ಕೇಳುವಂಥದ್ದು ನನ್ನಲ್ಲಿ ಏನೂ ಉಳಿದಿರಲಿಲ್ಲ. ಎಲ್ಲ ನನ್ನಲ್ಲೇ ಇತ್ತು. ಹೊಟ್ಟೆ ತುಂಬ ಉಂಡಮೇಲೆ ತಟ್ಟೆ ನನ್ನದಲ್ಲ ಎಂದು ತಿಳಿದವನ ಹಾಗೆ ಕೂತಿದ್ದೆ. ಇನ್ನು ಎರಡು ಸಾಲು ಕುರ್ಚಿ ಮುಗಿಸಿದ್ದರೆ ಕೆಲಸ ನನ್ನದು. ಗಡಿಯಾರ ಹತ್ತೂ ಐವತ್ತು ತೋರಿಸುತ್ತಿತ್ತು.

ಎದ್ದೆ. ಮೆಟ್ಟಿಲಿಳಿಯುವಾಗ, ಮತ್ತೆ ಬಂದು ಕೂರುವ ಹಾಗಿಲ್ಲ ಎಂಬುದು ನೆನಪಿತ್ತು. ಮರೆತು ಓಡಿದೆ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಸೇತುವೆಯ ನಡುವೆ ಒಂದು ಗೆರೆಯೂ ಇಲ್ಲ, ಕಲ್ಲೂ ಇಲ್ಲ. ಆದರೂ ದಾಟಿದ್ದು ದಾಟಿದವರಿಗೆ ಗೊತ್ತಾಗುತ್ತದೆ. ಸ್ವೆಲ್ಟ್ ಹೋಯಿತು, ಜೆಕ್ವೆರಿ ಹೋಯಿತು. ಬಟ್ಟೆ ಒಗೆದು ಹಿಂಡಿದ ಹಾಗೆ ತಲೆ ಹಗುರಾಯಿತು. ಬೆಂಚಿನ ಮೇಲೆ ಇಂದುಧರ ಸರ್ ಬೋಂಡ ತಿನ್ನುತ್ತಿದ್ದರು. "ಏನಯ್ಯಾ, ಇಷ್ಟು ಬೇಗ ಮುಗೀತಾ?" ಎಂದರು. ನಿಲ್ಲದೆ ಓಡಿದೆ. ತಿರುವು ದಾಟಿದರೆ ಬಸ್ ಸ್ಟಾಪ್. ಶಾಂಭವಿ ಛತ್ರಿ ಬಿಡಿಸಿ, ದೂರದ ರಸ್ತೆಯತ್ತ ಕತ್ತು ಚಾಚಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಗಿರಾಕಿಗೆಂದು ತಂದಿದ್ದ ಎಳನೀರು.

"ನೀನ್ಯಾಕೋ ಬಂದೆ? ಬಸ್ಸೇ ಬಂದಿಲ್ಲ ಇನ್ನೂ. ಸರ್ ಬೈದ್ರಾ?"

ಕಷ್ಟದ ಮಾತುಗಳನ್ನು ನಾನು ಯಾವತ್ತೂ ಇನ್ನೊಬ್ಬರ ಧ್ವನಿಯಲ್ಲಿ ಹೇಳಿ ದಾಟಿಬಿಡುತ್ತಿದ್ದವನು. ಈಗಲೂ ಲೋಕಪ್ಪನವರನ್ನೋ ಪದ್ಮನಾಭಯ್ಯನವರನ್ನೋ ಗಂಟಲಿಗೆ ಕರೆದೆ. ಯಾರೂ ಬರಲಿಲ್ಲ. ಅವರನ್ನೆಲ್ಲ ಸೇತುವೆಯ ಆ ಕಡೆ ಬಿಟ್ಟುಬಂದಿದ್ದೆ.

"ಬಸ್ಸಿಗೆ ಯಾರೂ ಬರಲ್ಲ ಶಾಂಭವಿ. ಫೋನ್ ಮಾಡಿದ್ದು ಸರ್ ಅಲ್ಲ. ನಾನು."

ಅವಳು ನಕ್ಕಳು. ತಮಾಷೆ ಎಂದುಕೊಂಡಿದ್ದಳು. ನನ್ನ ಮುಖ ನೋಡಿದಳು. ನಗು ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನೀನು ನನ್ನ ವಿದ್ಯೆ ಕಲಿತಿದೀಯ ಅಂದ್ಕೊಂಡೆ. ನಿನ್ನನ್ನ ಆಚೆ ಕಳಿಸಿದ್ರೆ ನನಗೆ ಪೂರ್ತಿ ಬರುತ್ತೆ ಅಂತ."

"ಏನೂ ಕಲೀತಿಲ್ಲ ಅಂತ ಹೇಳಿದ್ನಲ್ಲ."

"ನಂಬಲಿಲ್ಲ."

"ಏಳು ವರ್ಷದಲ್ಲಿ ನಿನಗೆ ಒಂದು ಸುಳ್ಳು ಹೇಳಿದೀನೇನೋ?"

ಅವಳು ಊರಿನ ಕಡೆ ತಿರುಗಿದಳು.

"ಗಂಟೆ ಎಷ್ಟು?"

"ಹನ್ನೊಂದೂ ಐದು."

ಅವಳು ಎಳನೀರನ್ನು ನನ್ನ ಕೈಗೆ ತುರುಕಿ, ಛತ್ರಿ ಮಡಚಿ, ದಾಪುಗಾಲು ಹಾಕಿದಳು. ಬೆಂಚಿನ ಹತ್ತಿರ ಬಂದಾಗ ಇಂದುಧರ ಸರ್ ಎದ್ದು ನಿಂತರು. ಅವಳು ನಾಲ್ಕೇ ಮಾತಿನಲ್ಲಿ ನಡೆದದ್ದನ್ನು ಹೇಳಿದಳು, ಅಳಲಿಲ್ಲ, ದನಿ ಏರಿಸಲೂ ಇಲ್ಲ. ಅವರು ಕೇಳುತ್ತ ಕೇಳುತ್ತ ಕೈಯ ಎಣ್ಣೆಯನ್ನು ಕಾಗದಕ್ಕೆ ಒರೆಸಿಕೊಂಡರು. ಮತ್ತೆ ಮತ್ತೆ ಒರೆಸಿಕೊಂಡರು.

"ನನ್ನ ಧ್ವನೀಲೇ?" ಎಂದು ನನ್ನನ್ನು ಕೇಳಿದರು.

"ಹೌದು ಸರ್."

"ನಾನು ಹಾಗೆ ಮಾಡೋನು ಅಂತ ಇವಳು ನಂಬೋ ಹಾಗೆ?"

ಅವರು ನನ್ನಿಂದ ಒಂದು ಹೆಜ್ಜೆ ಆಚೆ ಸರಿದು ನಿಂತರು. ಪದ್ಮನಾಭಯ್ಯನವರ ಹೋಟೆಲಿನಲ್ಲಿ ಇವತ್ತಿಗೂ ಅವರು ನನ್ನನ್ನು ಕಂಡರೆ ಅಷ್ಟೇ ದೂರ ಸರಿಯುತ್ತಾರೆ.

"ನನಗೆ ಎರಡು ಗಂಟೆ ಬೇಕು ಸರ್. ಪೂರ್ತಿ" ಎಂದಳು ಶಾಂಭವಿ.

"ತಗೋಮ್ಮ. ನೀನು ಕೂತ ಗಳಿಗೆಯಿಂದ ಎಣಿಸ್ತೀನಿ." ಆಮೇಲೆ ನನ್ನತ್ತ ನೋಡದೆ, "ಇವನದು ಮುಗೀತು. ಕುರ್ಚಿ ಬಿಟ್ಟಿದಾನೆ" ಎಂದರು.

ಇಬ್ಬರೂ ಸೇತುವೆ ಹತ್ತಿದರು. ನಾನೂ ಹಿಂದೆ ಎರಡು ಹೆಜ್ಜೆ ಹಾಕಿದೆ. ಅವಳು ತಿರುಗಿದಳು.

"ನೀನೆಲ್ಲಿಗೆ?"

"ಊರಿಗೆ."

"ನೀನು ಒಳಗೆ ಬಂದ್ರೆ ನನಗೆ ಮತ್ತೆ ಅರ್ಧವೇ. ಅಲ್ಲೇ ಕೂತ್ಕೋ."

"ಎರಡು ಗಂಟೇನಾ?"

"ಪುಟ ಕಟ್ಟೋಕೆ ಎರಡು ಗಂಟೆ. ಅದನ್ನ ಸರ್ ನೋಡಿ, ಇದು ಯಾಕೆ, ಅದು ಹೇಗೆ ಅಂತ ಕೇಳ್ತಾರೆ. ಅದಕ್ಕೆಲ್ಲ ನಾನು ಉತ್ತರ ಹೇಳ್ಬೇಕು. ಆಮೇಲೆ ಕಾಗದಕ್ಕೆ ಸಹಿ ಆಗಬೇಕು."

"ಮುಗಿದ ಮೇಲೆ ಬಂದು ಹೇಳ್ತೀಯಾ?"

ಅವಳು ಛತ್ರಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಡೆದಳು. ಸೇತುವೆಯ ನಡುವೆ ಒಂದು ಕ್ಷಣ ಅವಳ ಬೆನ್ನು ನೆಟ್ಟಗಾಯಿತು. ಬಂತು ಅವಳಿಗೆ, ಪೂರ್ತಿ, ಎಂದುಕೊಂಡೆ. ಆಮೇಲೆ ಅವಳು ಓಡತೊಡಗಿದಳು. ಇಂದುಧರ ಸರ್ ಹಿಂದೆ ಬಿದ್ದರು.

ಬೆಂಚಿಗೆ ಬಂದು ಕೂತೆ. ಕೈಯಲ್ಲಿ ಎಳನೀರಿತ್ತು. ಕುಡಿಯಲು ಮನಸ್ಸಾಗಲಿಲ್ಲ, ಚೆಲ್ಲಲೂ ಆಗಲಿಲ್ಲ; ಕಾಲ ಬುಡದಲ್ಲಿ ಇಟ್ಟುಕೊಂಡೆ. ಊರ ಕಡೆಯಿಂದ ಒಬ್ಬರು ಟಿಫನ್ ಕ್ಯಾರಿಯರ್ ಹಿಡಿದು ಬಂದರು. ವಯಸ್ಸಾದವರು, ಉದ್ದ ಉಗುರಿನ ಬೆರಳು. ದಾಟಿದ ಮೇಲೆ ಆ ಬೆರಳುಗಳನ್ನೇ ಯಾರವೋ ಎಂಬಂತೆ ನೋಡಿಕೊಳ್ಳುತ್ತ ಬೆಂಚಿನ ಇನ್ನೊಂದು ತುದಿಗೆ ಕೂತರು. ಅಲ್ಲಿ ಹೆಸರು ಕೇಳುವ ರೂಢಿಯಿಲ್ಲ.

"ಯಾರಿಗೆ ಕೂತಿದೀರಿ?" ಎಂದರು. ಉತ್ತರಕ್ಕೆ ಕಾಯದೆ, "ನಾನು ನಮ್ಮ ತಮ್ಮನಿಗೆ. ಇವತ್ತು ಅವನ ವೀಣೆ ಕಚೇರಿ, ಅರ್ಧ ದಿನ ಆಗುತ್ತೆ" ಎಂದರು.

"ಶಾಂಭವಿಗೆ" ಎಂದೆ.

"ಎಷ್ಟು ಹೊತ್ತಿನವರೆಗೆ?"

"ಅವಳು ಕರೆಯೋವರೆಗೆ."

ಅವರು ನನ್ನ ಮುಖವನ್ನು ಒಮ್ಮೆ ನೋಡಿ, ಟಿಫನ್ ಕ್ಯಾರಿಯರನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡು, ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು.

"ಹಾಗಾದ್ರೆ ಈ ಕಡೆ ಬಂದು ಕೂತ್ಕೊಳ್ಳಿ. ಮಧ್ಯಾಹ್ನದ ಮೇಲೆ ಅಲ್ಲಿ ಬಿಸಿಲು ಬೀಳುತ್ತೆ."